ರಾಟ್ಕೆಯವರ ಪಿಸ್ತೂಲಿಗೆ ಹೊಸ ನಳಿಕೆ

ಹಾಲ್ವರ್ ಫಾಲ್ಸ್, ಮಿನ್ನೆಸೋಟ
ಮೇ 23, 1988

ಪ್ರೀತಿಯ ಅಣ್ಣ ನಿಲ್ಸ್,

ನಿನ್ನ ಎರಡು ಕಾಗದಗಳೂ ಬಂದು ಕೂತಿವೆ. ಉತ್ತರ ಬರೆಯದೆ ಕೂತವಳು ನಾನು. ಬೈಯಬೇಡ. ಸರೋವರದಲ್ಲಿ ಅದಿರು ಹೊತ್ತು ಓಡುವ ಹಡಗಿನ ಎಂಜಿನ್ ಕೋಣೆಯ ಗದ್ದಲದಲ್ಲಿ ನೀನು ಅಷ್ಟುದ್ದ ಬರೆಯುತ್ತೀಯ, ಸದ್ದಿಲ್ಲದ ಅಂಗಡಿಯಲ್ಲಿರುವ ನನಗೆ ಪುರುಸೊತ್ತಾಗಲಿಲ್ಲವೆಂದರೆ ಯಾರೂ ನಂಬರು. ಆದರೆ ನಿಜವಾಗಿಯೂ ನನ್ನ ಬೆರಳುಗಳು ಪೆನ್ನು ಹಿಡಿಯುವ ಹಾಗಿರಲಿಲ್ಲ. ಯಾಕೆಂದು ಹೇಳುವುದಕ್ಕೇ ಈ ಕಾಗದ.

ಮೊದಲು ಮನೆಯ ಸುದ್ದಿ. ಅಮ್ಮ ಆತುರಪಟ್ಟು ಟೊಮೆಟೊ ಸಸಿ ನೆಟ್ಟಳು, ಹಿಮ ಬಿದ್ದು ಎಲ್ಲ ಕಪ್ಪಾದವು, ಮತ್ತೆ ನೆಟ್ಟಳು. ನಿಮ್ಮ ಅಡುಗೆಯವನು ಇನ್ನೂ ಎಲ್ಲವನ್ನೂ ಬೇಯಿಸಿ ಬೇಯಿಸಿ ಕೊಲ್ಲುತ್ತಾನಾ ಎಂದು ಕೇಳಲು ಹೇಳಿದ್ದಾಳೆ. ಅಪ್ಪನ ಬಲಗೈ ಪರವಾಗಿಲ್ಲ. ಫೆಬ್ರವರಿಯಲ್ಲಿ ಆಪರೇಷನ್ನಿಗೆ ಕೊಯ್ದ ಗಾಯ ಒಣಗಿದೆ, ಹೆಬ್ಬೆರಳಿಗೆ ಮಾತ್ರ ಇನ್ನೂ ಹಿಡಿತ ಬಂದಿಲ್ಲ. ಶರತ್ಕಾಲದವರೆಗೆ ಕಬ್ಬಿಣ ಉಜ್ಜುವ ಅರ ಮುಟ್ಟಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಪಿಸ್ತೂಲು ರಿಪೇರಿ ಮಾಡುವವನಿಗೆ ಅರ ಮುಟ್ಟಬೇಡ ಎನ್ನುವುದೂ ಒಂದೇ, ಮನೆಯಲ್ಲಿ ಮಲಗು ಎನ್ನುವುದೂ ಒಂದೇ. ಅಪ್ಪ ಮಲಗಲಿಲ್ಲ. ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಕಾಫಿ ಚೆಲ್ಲಿಕೊಳ್ಳುತ್ತ ನನ್ನನ್ನು ದುಡಿಸುತ್ತಿದ್ದಾನೆ.

ಹೌದು, ನನ್ನನ್ನೇ. ಮಾರ್ಚ್‌ನಿಂದ ಬೆಂಚಿನ ಮುಂದೆ ನಾನೇ ನಿಲ್ಲುತ್ತಿರುವುದು. ಮೊದಮೊದಲು ಸ್ಪ್ರಿಂಗು ಬದಲಿಸುವುದು, ಗುರಿಕಣ್ಣು ಕೂರಿಸುವುದು, ಇಂಥವೇ. ಕಾಲೇಜಿನ ನಾಲ್ಕು ವರ್ಷ ತರಗತಿಯಲ್ಲಿ ಬಾಯಿ ಬಿಡಬೇಕಾಗಿ ಬಂದಾಗಲೆಲ್ಲ ನಾನು ಮುಂದಿನವರ ಬೆನ್ನ ಹಿಂದೆ ತಲೆ ತಗ್ಗಿಸುತ್ತಿದ್ದೆ. ಬೆಂಚಿನ ಮುಂದೆ ಯಾರೂ ನನ್ನ ಅಭಿಪ್ರಾಯ ಕೇಳುವುದಿಲ್ಲ. ಬೆಳಿಗ್ಗೆ ಏಳುವಾಗ ಇವತ್ತು ಯಾವ ಕೆಲಸವಿದೆ ಎಂದು ಮನಸ್ಸು ತಾನಾಗಿ ಹುಡುಕುತ್ತದೆ. ಹೀಗೆ ಹಿಂದೆಂದೂ ಆಗಿರಲಿಲ್ಲ.

ಏಪ್ರಿಲ್ ಮಧ್ಯದಲ್ಲಿ ರಾಟ್ಕೆಯವರು ತಮ್ಮ ನಲವತ್ತೈದು ಕ್ಯಾಲಿಬರಿನ ಪಿಸ್ತೂಲು ಹಿಡಿದು ಬಂದರು. ಅಂಚೆ ಹಂಚುವ ಕೆಲಸ ಬಿಟ್ಟ ಮೇಲೆ ಅವರಿಗೆ ಶನಿವಾರದ ಗುರಿ ಪಂದ್ಯಗಳೇ ಜೀವ ಎಂಬುದು ನಿನಗೆ ಗೊತ್ತಲ್ಲ. ಹೋದ ವರ್ಷ ರಾಜ್ಯದ ತಂಡದಿಂದ ಹೊರಬಿದ್ದರು. ಕೈ ಕೆಟ್ಟಿಲ್ಲ, ನಳಿಕೆ ಸವೆದಿದೆ ಎಂದು ಅವರ ವಾದ. ಅಪ್ಪ ಬೆಳಕಿಗೆ ಹಿಡಿದು ನೋಡಿ ಒಪ್ಪಿಕೊಂಡ. ಪಂದ್ಯಕ್ಕೆಂದೇ ಮಾಡುವ ಬೇರೆ ಕಂಪನಿಯ ನಳಿಕೆಯೊಂದನ್ನು ತರಿಸಿದ. ಅಂಥವು ಬೇಕೆಂದೇ ದಪ್ಪವಾಗಿ ಬರುತ್ತವೆ, ಯಾವ ಪಿಸ್ತೂಲಿಗೂ ಹಾಗೇ ಕೂರುವುದಿಲ್ಲ. ಆಯಾ ಪಿಸ್ತೂಲಿನ ಅಳತೆಗೆ ಕೈಯಿಂದಲೇ ಉಜ್ಜಿ ಕೂರಿಸಬೇಕು. ಆ ಕೆಲಸ ಕಲಿಯದೆಯೇ ನೀನು ಹಡಗು ಹತ್ತಿದೆ. ನನಗೆ ಕಲಿಯುವ ಆಸೆ ಎಷ್ಟಿತ್ತೆಂದರೆ, ಅಪ್ಪನನ್ನು ಕೇಳಲು ನಾಚಿಕೆಯಾಗಿ ಅಮ್ಮನ ಕೈಲಿ ಕೇಳಿಸಿದೆ.

ಅಪ್ಪ ಒಂದು ದಿನವೆಲ್ಲ ಯೋಚಿಸಿದ. ರಾಟ್ಕೆಯವರ ಸ್ವಭಾವ ಊರಿಗೇ ಗೊತ್ತು. ಹಿಂದೊಮ್ಮೆ ಇನ್ನೊಂದು ಊರಿನ ಅಂಗಡಿಯಲ್ಲಿ ಕಲಿಯುವವನೊಬ್ಬ ತಮ್ಮ ಪಿಸ್ತೂಲಿಗೆ ಅರ ಹಾಕುವುದನ್ನು ನೋಡಿ, ಬಿಚ್ಚಿದ ಬಿಡಿಭಾಗಗಳನ್ನು ಟೋಪಿಯಲ್ಲಿ ತುಂಬಿಕೊಂಡು ಎದ್ದು ಬಂದವರು ಅವರು. ಕೊನೆಗೆ ಅಪ್ಪ ಹೇಳಿದ: "ನೀನೇ ಕೂರ್ಸು. ನಳಿಕೆ ಪಂದ್ಯದಲ್ಲಿ ನಿಲ್ಲಲಿ, ಇದು ನನ್ನ ಮಗಳ ಕೈ ಅಂತ ಅವನಿಗೆ ನಾನೇ ಹೇಳ್ತೀನಿ. ಅಲ್ಲೀವರೆಗೆ ಯಾರ ಹತ್ರಾನೂ ಬಾಯಿ ಬಿಡಬೇಡ."

ಆ ಮಾತಿನ ಮೇಲೆಯೇ ನಾನು ಕೆಲಸ ಮಾಡಿದ್ದು, ಅಣ್ಣ. ಕೂಲಿಗಲ್ಲ, ಆ ಒಂದು ವಾಕ್ಯಕ್ಕೆ.

ಎಲ್ಲಿ ತಾಗುತ್ತದೆಂದು ಗುರುತು ಹಿಡಿಯಲು ಅಂಗಡಿಯಲ್ಲಿ ಸಿಗುವ ನೀಲಿ ಬಣ್ಣ ಅಪ್ಪನಿಗೆ ಆಗುವುದಿಲ್ಲ. ಸೀಮೆಎಣ್ಣೆ ದೀಪದ ಮಸಿಯೇ ಬೇಕು. ನಳಿಕೆಯ ಹಿಂಬದಿಯನ್ನು ಹೊಗೆಗೆ ಹಿಡಿದು ಕಪ್ಪು ಮಾಡಿ, ಪಿಸ್ತೂಲಿನೊಳಗೆ ಕೂರಿಸಿ, ತೆಗೆದು ನೋಡಬೇಕು. ಎಲ್ಲಿ ತಾಗಿದೆಯೋ ಅಲ್ಲಿ ಮಸಿ ಅಳಿಸಿ ಕಬ್ಬಿಣ ಹೊಳೆಯುತ್ತದೆ. ಅಲ್ಲಿಗೆ ಮಾತ್ರ ಅರ, ಅದೂ ಒಂದೇ ಎಳೆತ. ಮತ್ತೆ ಮಸಿ, ಮತ್ತೆ ಕೂರಿಸುವುದು. ಒಂದೆಳೆ ಕಡಿಮೆಯಾದರೆ ನಾಳೆ ಉಜ್ಜಬಹುದು, ಒಂದೆಳೆ ಹೆಚ್ಚಾದರೆ ನಳಿಕೆ ತಿಪ್ಪೆಗೆ. ಅಪ್ಪ ನನ್ನ ಕೈ ನೋಡುತ್ತಿರಲಿಲ್ಲ, ಅರದ ಸದ್ದು ಕೇಳುತ್ತಿದ್ದ. "ಅವಸರ ಮಾಡ್ತಿದೀಯ, ಸದ್ದು ದಪ್ಪ ಆಯ್ತು" ಎನ್ನುತ್ತಿದ್ದ.

ರಾಟ್ಕೆಯವರು ನಡುನಡುವೆ ಇಣುಕುತ್ತಿದ್ದರು. ಅವರ ಕಾರು ಕಂಡ ಕೂಡಲೇ ನಾನು ಗಲ್ಲಾದ ಹಿಂದೆ ಕೂತು ಪುಸ್ತಕ ತೆರೆಯುವುದು, ಅಪ್ಪ ಸ್ಟೂಲಿನಿಂದಿಳಿದು ಬೆಂಚಿಗೆ ಒರಗಿ ಕೆಲಸದಲ್ಲಿದ್ದವನ ಹಾಗೆ ಮುಖ ಗಂಟಿಕ್ಕುವುದು. ನಾಟಕದವರೂ ಅಷ್ಟು ಚುರುಕಾಗಿ ವೇಷ ಬದಲಿಸುವುದಿಲ್ಲ. ಒಮ್ಮೆ ಅವರು ನನ್ನ ಪುಸ್ತಕ ನೋಡಿ, "ಇನ್ನೂ ಅದೇನಾ? ಇಷ್ಟೊತ್ತಿಗೆ ಆ ಪುಸ್ತಕವೇ ನಿನ್ನ ಓದಿ ಮುಗಿಸಿರ್ಬೇಕಲ್ಲಮ್ಮ" ಎಂದರು. ನನ್ನ ಉಗುರುಗಳಲ್ಲಿದ್ದ ಮಸಿ ಅವರಿಗೆ ಕಾಣಲಿಲ್ಲ.

ನಳಿಕೆ ಕೂತ ದಿನ ನನಗೆ ಕುಣಿಯಬೇಕೆನಿಸಿತು. ಒಂಚೂರೂ ಅಲುಗಾಟವಿಲ್ಲ. ನಳಿಕೆಯ ಮೇಲೆ ಹಿಂದೆಮುಂದೆ ಸರಿಯುವ ಸ್ಲೈಡು ಮುಚ್ಚಿದರೆ ಒಳ್ಳೆಯ ಬೀರುವಿನ ಬಾಗಿಲು ಮುಚ್ಚಿದ ಹಾಗೆ ಮೆತ್ತನೆಯ ಸದ್ದು. ಅಪ್ಪ ಎರಡು ಸಲ ಎಳೆದು ನೋಡಿದ. ಆಮೇಲೆ ಗೋಡೆಗೆ ತೂಗುಹಾಕಿದ್ದ ತನ್ನ ಹಳೆಯ ಪಿಸ್ತೂಲಿನೊಳಗಿಂದ ಮದ್ದಿನ ಕಿಟ್ಟವನ್ನು ಬೆರಳಲ್ಲಿ ಬಳಿದು ನನ್ನ ಕೆಲಸದ ಮೇಲೆ ಸವರಿದ. ಈಗ ಸ್ಲೈಡು ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ದೂರದಲ್ಲಿ ನಿಂತುಬಿಟ್ಟಿತು.

"ಗಾಜಿನ ಬೀರುವಲ್ಲಿ ಇಡೋಕೆ ಬಹಳ ಚೆನ್ನಾಗಿದೆ," ಎಂದ ಅಪ್ಪ. "ರಾಟ್ಕೆ ಇದನ್ನ ಹೊಡೀತಾನೆ. ಹೊಡೆದ್ರೆ ಕೊಳೆ ಆಗುತ್ತೆ. ಕೊಳೆಗೂ ಒಂಚೂರು ಜಾಗ ಬಿಡೇ."

ಇನ್ನು ಒಂದೇ ಎಳೆತ. ಎಲ್ಲಿ, ಎಷ್ಟು ಎಂದು ಅಪ್ಪ ಹೇಳಲಿಲ್ಲ. ಕಾಫಿ ಆರಿತು ಎಂದು ಲೋಟ ಹಿಡಿದು ಒಳಗೆ ಹೋದ. ಆರಿರಲಿಲ್ಲ, ಹಬೆಯಾಡುತ್ತಿತ್ತು. ನಾನು ಅರ ಎಳೆದೆ. ಕಿಟ್ಟ ಸವರಿ ಮುಚ್ಚಿದೆ. ಮುಚ್ಚಿತು. ಆಮೇಲೆ ಪಿಸ್ತೂಲನ್ನು ಕಬ್ಬಿಣದ ಹಿಡಿಕಟ್ಟಿಗೆ ಬಿಗಿದು ಐವತ್ತು ಗಜದಿಂದ ಹೊಡೆದು ನೋಡಿದೆವು. ರಂಧ್ರಗಳೆಲ್ಲ ಸೇರಿ ಜಾಮ್ ಶೀಶೆಯ ಮುಚ್ಚಳದ ಅಡಿ ಅಡಗುವಷ್ಟಿದ್ದವು. ಅಪ್ಪ ಅಮ್ಮನನ್ನು ಕರೆದು ತೋರಿಸಿದ. ಅಮ್ಮ ಕೈಯ ಹಿಟ್ಟು ಒರೆಸಿಕೊಂಡು ನೋಡಿ, ಇಷ್ಟಕ್ಕಾ ಎಂದಳು. ಆಮೇಲೆ ನನ್ನ ಕೆನ್ನೆ ತಟ್ಟಿದಳು.

ಮೊನ್ನೆ ಶನಿವಾರ ಜಲ್ಲಿ ಗುಂಡಿಯ ಪಕ್ಕದ ಮೈದಾನದಲ್ಲಿ ಆಯ್ಕೆಯ ಪಂದ್ಯ. ಸೊಳ್ಳೆಗಳೂ ಬಂದಿದ್ದವು, ಪ್ರವೇಶ ಶುಲ್ಕ ಕೊಡದೆ. ನಾನು ಅಮ್ಮನ ರೂಬಾರ್ಬ್ ದಂಟಿನ ಪೈ ಇಟ್ಟ ಮೇಜಿನ ಹಿಂದೆ ನಿಂತಿದ್ದೆ. ಪಿಸ್ತೂಲು ಕಚ್ಚಿಕೊಂಡರೆ ಸ್ಪರ್ಧಿ ಇನ್ನೊಂದು ಕೈ ಎತ್ತಬೇಕಲ್ಲ, ನಾನು ರಾಟ್ಕೆಯವರ ಬಲಗೈ ನೋಡಲೇ ಇಲ್ಲ. ಜೇಬಿನಲ್ಲಿದ್ದ ಅವರ ಎಡಗೈಯನ್ನೇ ನೋಡುತ್ತಿದ್ದೆ. ನಿಧಾನದ ಸುತ್ತು, ಬೇಗದ ಸುತ್ತು, ಅತಿ ಬೇಗದ ಸುತ್ತು. ಆ ಕೈ ಜೇಬು ಬಿಟ್ಟು ಮೇಲೇಳಲಿಲ್ಲ. ಅವರು ತಂಡಕ್ಕೆ ಆಯ್ಕೆಯಾದರು, ಎಲ್ಲರಿಗಿಂತ ಮೇಲೆ. ಜನ ಚಪ್ಪಾಳೆ ತಟ್ಟಿದಾಗ ಅವರು ಪಿಸ್ತೂಲಿನ ಬೆನ್ನು ಸವರಿದರು. ನಾನು ಯಾರಿಗೂ ಕಾಣದ ಹಾಗೆ ಪೈ ತಟ್ಟೆಯ ಹಿಂದೆ ನಕ್ಕೆ. ಅಷ್ಟು ಸಂತೋಷ ನನಗೆ ಪದವಿ ಕೊಟ್ಟ ದಿನವೂ ಆಗಿರಲಿಲ್ಲ.

ಆಮೇಲೆ ಅಪ್ಪ ಅವರಿಗೆ ಏನು ಹೇಳಿದ ಎಂದು ಕೇಳುತ್ತೀಯ, ಗೊತ್ತು. ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಇವತ್ತು ಮಾಂಸದ ಮೇಲೆ ಆಲೂಗಡ್ಡೆ ಮುಚ್ಚಿ ಬೇಯಿಸಿದ ಹಾಟ್‌ಡಿಷ್. ಆರಿದರೆ ಬೈಯುತ್ತಾಳೆ.

ಸರೋವರ ನಿಮಗೆ ಶಾಂತವಾಗಿರಲಿ, ಎಂಜಿನ್ ಮಾತು ಕೇಳಲಿ. ಅಮ್ಮನ ಆಶೀರ್ವಾದ, ಅಪ್ಪನ ಎಡಗೈಯ ಒಂದು ಗುದ್ದು.

ನಿನ್ನ ಪ್ರೀತಿಯ ತಂಗಿ,
ಸಿಗ್ರಿಡ್

ಮರೆತಿದ್ದು: ಊಟ ಮುಗಿಸಿ ಬಂದೆ. ಮರೆತಿರಲಿಲ್ಲ, ಬರೆಯಲಾಗಲಿಲ್ಲ. ಲಕೋಟೆ ಒಡೆದಾಗ ಒಂದು ಖಾಲಿ ತೋಟಾ ಬಿದ್ದಿರಬೇಕು. ನಮ್ಮ ಕಡೆ ಹೊಸ ನಳಿಕೆ ಗೆದ್ದರೆ, ಆ ಪಂದ್ಯದ ಮೊದಲ ತೋಟಾವನ್ನು ಅದನ್ನು ಕೂರಿಸಿದವರ ಅಂಗೈಗೆ ಕೊಡುತ್ತಾರಲ್ಲ, ಅದು. ರಾಟ್ಕೆಯವರು ಅದನ್ನು ಹಿಡಿದು ನಮ್ಮ ಮೇಜಿಗೆ ಬಂದರು. "ಆರ್ವಿಡ್, ಈ ಕೈಲಿ ನೀನು ಬೆಣ್ಣೆ ಸವರೋಕೂ ಆಗಲ್ಲ. ಯಾರ ಕೆಲಸ ಇದು, ನಿಜ ಹೇಳು" ಎಂದು ಅಪ್ಪನನ್ನು ಕೇಳಿದರು. ಅಪ್ಪ ನನ್ನ ಕಡೆ ನೋಡಲಿಲ್ಲ. "ನಿಲ್ಸ್‌ದು. ರಜಾದಲ್ಲಿ ಬಂದಿದ್ದ" ಎಂದ. ನೀನು ರಜೆಗೆ ಬಂದದ್ದು ಅಪ್ಪನ ಕೈ ಕೊಯ್ಯುವ ಮೊದಲು, ಆ ಎರಡೂ ದಿನ ಸೋಫಾದ ಮೇಲೆ ಬಾಯಿ ತೆರೆದು ನಿದ್ದೆ ಹೊಡೆದದ್ದು ನನಗೆ ಗೊತ್ತು. ರಾಟ್ಕೆಯವರು ತೋಟಾವನ್ನು ನನ್ನ ಕೈಗಿಟ್ಟರು, ನಿನಗೆ ಕಳಿಸಿಕೊಡು ಎಂದು. ನಾನು ತಲೆ ಆಡಿಸಿ ಅವರಿಗೊಂದು ತುಂಡು ಪೈ ಕೊಟ್ಟೆ.

ಕಾರಿನಲ್ಲಿ ಅಪ್ಪ, ಮಗಳ ಕೆಲಸ ಎಂದು ಹೇಳಿದ್ದರೆ ಮುಂದಿನ ಪಂದ್ಯದಲ್ಲಿ ಅವನ ಕೈ ನಡುಗೀತು, ವಯಸ್ಸಾದವನು ಎಂದ. ಇರಬಹುದು.

ತೋಟಾ ನೀನೇ ಇಟ್ಟುಕೋ, ನನಗೇನೂ ಬೇಸರವಿಲ್ಲ ಎಂದು ಇಲ್ಲಿ ಬರೆದು ಹೊಡೆದುಹಾಕಿದ್ದೇನೆ, ನೋಡು. ಬೇಸರವಿದೆ. ನೀನು ಮುಂದಿನ ಸಲ ಬಂದಾಗ ಅದನ್ನು ಅಪ್ಪನ ಎದುರಿಗೇ ನನ್ನ ಅಂಗೈಗೆ ಕೊಡು. ಬಾಯಲ್ಲಿ ಏನೂ ಹೇಳಬೇಡ. ಹೇಳಬೇಕಾದವನು ಅಪ್ಪ.