ಎರಡು ದಿನದ ಮಜ್ಜಿಗೆ

ಅಪ್ಪಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ಕಲಬುರಗಿಯ ನನ್ನ ದವಾಖಾನೆಗೆ ಶಹಾಬಜಾರದ ದರ್ಜಿ ನಬಿಸಾಬ್ ಬಂದಿದ್ದರು. ಹತ್ತು ವರ್ಷದ ಸಕ್ಕರೆ ಕಾಯಿಲೆ. ಕುರ್ಚಿಯಲ್ಲಿ ಕೂತವರ ಕೈ ನಡುಗುತ್ತಿತ್ತು, ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಬೆರಳು ಚುಚ್ಚಿ ನೋಡಿದರೆ ಶುಗರ್ ಐವತ್ತೆಂಟಕ್ಕೆ ಇಳಿದಿತ್ತು. ಗಾಬರಿಯಿಂದ ಸಕ್ಕರೆ ನೀರು ಕುಡಿಸಿ, "ಊಟ ಮಾಡೀರಿಲ್ಲೋ?" ಎಂದು ರೇಗಿದೆ.

"ನಿಮ್ಮ ಕಡೆ ಬರೂ ಮುಂದ ಎರಡು ದಿನ ಬರೇ ಮಜ್ಜಿಗಿ ಕುಡೀತೀನ್ರಿ ಮೇಡಮ್. ಗುಳಿಗಿ ಮಾತ್ರ ಬಿಡಂಗಿಲ್ಲ. ನಂಬರ್ ಜಾಸ್ತಿ ಬಂದ್ರ ನೀವು ಮಾರಿ ಸಣ್ಣ ಮಾಡ್ತೀರಿ."

"ಹಿಂಗ್ಯಾಕ ಮಾಡ್ತೀರಿ? ತ್ರಾಸ ಆಗ್ತದಂದ್ರ ಹೇಳಬಾರದೇನ್ರಿ?"

"ದಿನಾ ಗುಳಿಗಿ, ದಿನಾ ಪಥ್ಯ. ಮದುವಿ ಮನ್ಯಾಗೂ ಎಲ್ಲಾರೂ ನನ್ನ ತಾಟ ನೋಡ್ತಾರ. ಸಾಕಾಗ್ಯಾದ ಅಂತ ಹ್ಯಾಂಗ ಹೇಳ್ಲಿ? ನೀವು ನಂಬರಷ್ಟ ಕೇಳ್ತೀರಿ."

ಪೆನ್ನು ಕೆಳಗಿಟ್ಟು ಅವರು ಹೇಳಿದ್ದನ್ನೆಲ್ಲ ಕೇಳಿದೆ. ಹೊರಗೆ ಕಾಯುತ್ತಿದ್ದವರು ಗೊಣಗಿದರು, ಗೊಣಗಲಿ ಬಿಡು.

ನಿನಗೂ ಇದೇ ಸಕ್ಕರೆ ಕಾಯಿಲೆ ಇತ್ತು. ನಾನು ಬರುತ್ತೇನೆಂದು ಮೊದಲೇ ಫೋನ್ ಮಾಡಿ ಕಮಲಾಪುರದ ನಮ್ಮ ಮನೆಗೆ ಬಂದಾಗಲೆಲ್ಲ ನೀನು ನನಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ, "ನೀ ಉಣ್ಣವ್ವಾ, ನನಗ ಹಸಿವಿಲ್ಲ" ಎನ್ನುತ್ತಿದ್ದೆ. ಬಡಿಸುವ ಕೈ ನಡುಗುತ್ತಿತ್ತು. ನಿನಗೆ ವಯಸ್ಸಾಯಿತು ಅಂದುಕೊಂಡೆ ನಾನು. ಹೊಟ್ಟೆ ತುಂಬ ಉಂಡು, ಕೈ ತೊಳೆದು, ನಿನ್ನ ಬೆರಳು ಚುಚ್ಚಿ, ಎಂಬತ್ತು ಬಂದದ್ದು ನೋಡಿ, "ಶಹಬ್ಬಾಸ್ ಅಪ್ಪಾ" ಎಂದು ಬೆನ್ನು ತಟ್ಟುತ್ತಿದ್ದೆ.