ಅಳಿಲು ಬಾಯಿ ತೆರೆಯುತ್ತಿಲ್ಲ

ಮಂಗಳವಾರ,
ಮಧ್ಯಾಹ್ನ, ಊಟದ ಬಿಡುವಿನಲ್ಲಿ

ಅಳಿಲಿನ ಅಪ್ಪನಿಗೆ,

ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಕ್ಷೇಮ ಕೇಳುವುದಿಲ್ಲ. ನೀವೀಗ ಮಲಗುವ ಬಸ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆಂದು ನೀವೇ ಹಿಂದೊಮ್ಮೆ ಹೇಳಿದ್ದಿರಿ, ಹಾಗಾಗಿ ನಿದ್ದೆಗೇನೂ ತೊಂದರೆ ಇರಲಾರದು. ಇದು ಜಗಳದ ಕಾಗದವಲ್ಲ. ಒಂದು ವಿಷಯ ತಿಳಿಸಬೇಕಿತ್ತು. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ತಡೆದು ಕ್ಷಮೆ ಕೇಳಲು ಶುರುಮಾಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಬರುವ ಭಾನುವಾರ ನಮ್ಮ ಮಗಳು ಅಳಿಲಿಗೆ ಮೊದಲ ಪರಮಪ್ರಸಾದ. ಬಿಳಿ ಅಂಗಿ ಹೊಲಿಸಿಯಾಯಿತು. ಆದರೆ ಪ್ರಸಾದ ತಗೊಳ್ಳುವುದೇ ಇಲ್ಲ ಅಂತ ಹಟ ಹಿಡಿದಿದ್ದಾಳೆ. ಚರ್ಚಿನಲ್ಲಿ ಸಿಸ್ಟರ್ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಇನ್ನೂ ಪೂಜೆಗಿಡದ ಬರೀ ರೊಟ್ಟಿಯ ಚೂರು ಕೊಟ್ಟು ಅಭ್ಯಾಸ ಮಾಡಿಸಿದರು. ಉಳಿದ ಮಕ್ಕಳೆಲ್ಲ ನಾಲಿಗೆ ಚಾಚಿದರೆ, ನಮ್ಮದು ತುಟಿ ಹೊಲಿದುಕೊಂಡಂತೆ ನಿಂತಿತ್ತಂತೆ.

ಇದು ನಿಮ್ಮಮ್ಮನ ಕೆಲಸ ಅಂದುಕೊಂಡೆ. ಪ್ರಸಾದ ಅಂದರೆ ಯೇಸುಸ್ವಾಮಿಯ ಮೈ, ಅದಕ್ಕೆ ಹಲ್ಲು ತಾಗಿಸಿದರೆ ಸ್ವಾಮಿಗೆ ರಕ್ತ ಬರ್ತದೆ ಅಂತ ಅವರು ಹೇಳಿಕೊಟ್ಟಿದ್ದರು. ಸಾಲದ್ದಕ್ಕೆ ಇವಳ ಮುಂದಿನ ಹಲ್ಲು ಬೇರೆ ಅಲ್ಲಾಡುತ್ತಿದೆ. ಮಗುವನ್ನು ಹೀಗೆ ಹೆದರಿಸಬೇಡಿ ಅತ್ತೆ ಅಂದರೆ, ನಾವೆಲ್ಲ ಹೆದರಿಕೊಂಡೇ ದೇವರ ಹತ್ತಿರ ಬಂದೋರು, ನಮಗೇನಾಗಿದೆ ಈಗ ಅಂದರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು, ನಿಮಗೆ ಗೊತ್ತಲ್ಲ. ನಾನೇ ಮಗಳಿಗೆ, ಗಿರಾಕಿಯೊಬ್ಬರು ವಾಪಸ್ ಕೊಟ್ಟಿದ್ದ ಕಟ್ಟುಹಲ್ಲಿನ ಸೆಟ್ಟನ್ನು ಲ್ಯಾಬಿನಿಂದ ತಂದು ಮೇಜಿನ ಮೇಲಿಟ್ಟು, ರೊಟ್ಟಿ ನಾಲಿಗೆಯ ಮೇಲೇ ಕರಗುತ್ತದೆ, ಹಲ್ಲಿನ ಗೋಜಿಗೇ ಹೋಗುವುದಿಲ್ಲ ಅಂತ ತೋರಿಸಿದೆ. ದಿನವಿಡೀ ಹಲ್ಲು ಕಟ್ಟುವವಳು ನಾನು, ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು! ಅವಳು ಗಮನವಿಟ್ಟು ಕೇಳಿ, ಇದು ಯಾರ ಹಲ್ಲು ಅಂದಳು. ಅಷ್ಟೇ.

ಕೊನೆಗೆ ಫಾದರ್ ಹತ್ತಿರ ಕರೆದುಕೊಂಡು ಹೋದೆ. ಅವರು ಚರ್ಚಿನ ಹಿಂದೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಹಲ್ಲು ತಾಗಿದರೆ ಸ್ವಾಮಿಗೇನೂ ನೋವಾಗೋದಿಲ್ಲ ಪುಟ್ಟಿ, ಅವರು ಬರೋದೇ ನಿನ್ನ ಜೊತೆ ಇರೋದಕ್ಕೆ ಅಂದರು. ಆಮೇಲೆ, ಅವರಿಗೆ ನೋವಾಗ್ತದೆ ಅಂತ ನಿನಗೆ ಭಯಾನೋ, ಅವರು ನಿನಗೆ ಹೊಡೀತಾರೆ ಅಂತ ಭಯಾನೋ ಎಂದು ಕೇಳಿದರು. ಇವಳು ಯೋಚಿಸಿ, ಎರಡೂ ಅಂದಳು. ಮೊದಲನೇದು ಇಟ್ಕೋ, ಪ್ರೀತಿ ಇರೋ ಕಡೆ ಅಷ್ಟು ಭಯ ಇರಬೇಕು. ಎರಡನೇದನ್ನ ಇಲ್ಲೇ ಬಿಟ್ಟು ಹೋಗು ಅಂದರು. ಹ್ಞೂಂ ಅಂತ ತಲೆಯಾಡಿಸಿದಳು. ಸದ್ಯ, ಗೆದ್ದೆ ಅಂದುಕೊಂಡೆ.

ಮನೆಗೆ ಬಂದು ಅಂಗಿ ಹಾಕಿ ನೋಡೋಣ ಬಾ ಅಂದರೆ ಮತ್ತೆ ಅದೇ ರಾಗ. ನನಗೂ ತಾಳ್ಮೆ ತಪ್ಪಿತು, ಗದರಿದೆ. ಆಗ ಅಳುತ್ತಾ ನಿಜ ಹೇಳಿದಳು. ಪೂಜೆಗೆ ಬರದವರು ನರಕಕ್ಕೆ ಹೋಗ್ತಾರೆ ಅಂತ ಅಜ್ಜಿ ಹೇಳಿದ್ದಾರಂತೆ. ಅಪ್ಪ ಮನೆ ಬಿಟ್ಟ ಮೇಲೆ ಪೂಜೆಗೂ ಬರ್ತಿಲ್ಲ. ನಾನು ಪ್ರಸಾದ ತಗೊಂಡ್ರೆ ಸ್ವರ್ಗಕ್ಕೆ ಹೋಗ್ಬಿಡ್ತೀನಿ, ಕೆಳಗೆ ಅಪ್ಪ ಒಬ್ಬನೇ ಆಗ್ತಾನೆ, ಅಪ್ಪನಿಗೆ ಕತ್ತಲೆ ಅಂದ್ರೆ ಭಯ ಅಲ್ವಾ ಅಂದಳು.

ನಿಮ್ಮಮ್ಮ ಬಾಗಿಲಲ್ಲೇ ನಿಂತಿದ್ದರು. ಒಳಗೆ ಹೋಗಿ ಜಪಸರ ಹಿಡಿದು ಕೂತರು. ಜಪ ಮಾಡಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದರು. ಸಂಜೆ ಅಡುಗೆಮನೆಗೆ ಬಂದು, ಅವನಿಗೆ ನೀನೇ ಬರಿಯಮ್ಮ, ನಾನು ಹೇಳಿದರೆ ಇನ್ನೂ ಹೆದರ್ತಾನೆ ಅಂದರು. ಮದುವೆಯಾದ ಮೇಲೆ ಅವರು ನನ್ನನ್ನು ಅಮ್ಮ ಅಂದದ್ದು ಇದೇ ಮೊದಲು.

ಬರೆಯುತ್ತಿದ್ದೇನೆ. ಆ ದಿನ ನೀವು ನನ್ನ ಮೇಲೆ ಕೈಯೆತ್ತಿದಿರಿ. ಮಗಳು ನೋಡುತ್ತಿದ್ದಳು. ಕೈ ಬೀಳಲಿಲ್ಲ. ನಾನು ನಿಮ್ಮ ಮುಖ ನೋಡಿದೆ, ನಿಮಗೆ ನಿಮ್ಮ ಮೇಲೇ ಭಯ ಹುಟ್ಟಿತ್ತು. ಆ ಭಯ ನಿಮಗಿದ್ದುದಕ್ಕೆ ನನಗೆ ಸಮಾಧಾನವಿದೆ. ಮಾರನೆಯ ದಿನ ಚೀಲ ತುಂಬಿಕೊಂಡು ಹೊರಟಿರಲ್ಲ, ಫಾದರ್ ಹೇಳಿದ ಆ ಎರಡನೇ ಭಯ ಮಾತ್ರ ಯಾರಿಗೂ ಬೇಕಿರಲಿಲ್ಲ. ಕೈಯೆತ್ತಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಹೇಳಿಕೊಳ್ಳಲು ಒಂದು ಜಾಗವಿದೆ. ನಾನು ನಿಮ್ಮನ್ನು ಹೊರಗೆ ಹಾಕಿಲ್ಲ. ದೇವರೂ ಹಾಕಿದಂತಿಲ್ಲ, ಅವರ ಪರವಾಗಿ ನಾನು ಮಾತಾಡಬಾರದು ಅನ್ನಿ.

ಶನಿವಾರ ಸಂಜೆ ಫಾದರ್ ಪಾಪನಿವೇದನೆ ಕೇಳಲು ಕೂರುತ್ತಾರೆ. ಭಾನುವಾರ ಎಂಟಕ್ಕೆ ಪೂಜೆ. ಮಗಳು ಎಡಗಡೆ ಮೊದಲ ಸಾಲಿನಲ್ಲಿ ಇರುತ್ತಾಳೆ. ನೀವು ಬಂದಿದ್ದೀರೋ ಇಲ್ಲವೋ ಅಂತ ತಿರುಗಿ ನೋಡಿ, ಆಮೇಲೆ ಬಾಯಿ ತೆರೆಯುವ ಯೋಚನೆ ಮಾಡುತ್ತಾಳಂತೆ. ಅವಳಿಗೆ ಒತ್ತಾಯ ಮಾಡಬೇಡಿ ಅಂತ ಫಾದರ್ ಹೇಳಿದ್ದಾರೆ. ನಿಮ್ಮನ್ನೂ ನಾನು ಒತ್ತಾಯಿಸುವುದಿಲ್ಲ. ವಿಷಯ ತಿಳಿಸಿದ್ದೇನೆ, ಮುಂದಿನದು ನಿಮಗೆ ಬಿಟ್ಟದ್ದು. ಬಿಡುವು ಮುಗಿಯಿತು, ಯಾರೋ ಅಜ್ಜನ ಕೆಳಸಾಲಿನ ಹಲ್ಲು ನನಗಾಗಿ ಕಾಯುತ್ತಿದೆ.

ಇಂತಿ,
ಅಳಿಲಿನ ಅಮ್ಮ

ತಾ.ಕ.: ನಿಮ್ಮ ಮಂಚದ ಪಕ್ಕದ ದೀಪದ ಬಲ್ಬು ನೀವು ಹೋದ ವಾರವೇ ಸುಟ್ಟುಹೋಗಿತ್ತು. ಇನ್ನು ಯಾರಿಗೆ ಬೇಕು ಅಂತ ಹಾಗೇ ಬಿಟ್ಟಿದ್ದೆ. ನಿನ್ನೆ ಹೊಸದು ಹಾಕಿದೆ.