ಒಂಬತ್ತು ಗಂಟೆಗೆ ಕಣ್ಣು ಮುಚ್ಚುವ ನನ್ನ ಮಗಳ ವಿಚಾರ

ಮಕ್ಕಳನ್ನೆಲ್ಲ ಒಂಬತ್ತಕ್ಕೆ ಮಲಗಿಸುವ ಮಾನ್ಯ ಶಿಕ್ಷಣಾಧಿಕಾರಿಗಳೇ,

ನಿಮ್ಮ ಆದೇಶ ಜಾರಿಗೆ ಬಂದ ಮೇಲೆ ನನ್ನ ಮಗಳು ನನ್ನ ಜೊತೆ ಮಾತಾಡುವುದನ್ನು ನಿಲ್ಲಿಸಿದ್ದಾಳೆ. ಜಗಳವಾಡಿ ಅಲ್ಲ, ಮುನಿಸಿಕೊಂಡೂ ಅಲ್ಲ. ಶಿಸ್ತಿನಿಂದ. ಇದನ್ನು ನಿಮ್ಮ ಕಚೇರಿಯ ಸಾಧನೆಗಳಿಗೆ ಸೇರಿಸಿಕೊಳ್ಳುತ್ತೀರೋ, ಇಲ್ಲ ನನಗೊಂದು ಉತ್ತರ ಕೊಡುತ್ತೀರೋ ಎಂದು ಕೇಳಲು ಈ ಪತ್ರ. ಕಚೇರಿಗೇ ಬಂದು ಕೇಳಬಹುದಿತ್ತು. ಬಂದೆ ಕೂಡ. ಸಾಹೇಬರು ಸಭೆಯಲ್ಲಿದ್ದಾರೆ ಎಂದು ಬಾಗಿಲಲ್ಲೇ ಹೇಳಿ ಕಳಿಸಿದರು. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಊರು ಓದಿದ್ದನ್ನು ನೀವೂ ಓದಲೇಬೇಕಾಗುತ್ತದೆ.

ಉಳಿದ ಓದುಗರಿಗಾಗಿ ಆದೇಶ ಏನೆಂದು ಹೇಳಿಬಿಡುತ್ತೇನೆ. ಹತ್ತರಿಂದ ಹನ್ನೆರಡು ವರ್ಷದ ಮಕ್ಕಳು, ಮರುದಿನ ಶಾಲೆಯಿದ್ದರೆ, ರಾತ್ರಿ ಒಂಬತ್ತಕ್ಕೆ ಹಾಸಿಗೆ ಸೇರಿ ಕಣ್ಣು ಮುಚ್ಚಬೇಕು. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ, ಹಾಗೆ ಮಾಡಿದವರು ಕೈ ಎತ್ತಬೇಕು. ಎತ್ತದವರು ಹಿಂದೆ ಹೋಗಿ ಬೇರೆ ಸಾಲಿನಲ್ಲಿ ನಿಲ್ಲಬೇಕು. ಮಕ್ಕಳು ಅದಕ್ಕೆ 'ತೂಕಡಿಕೆ ಸಾಲು' ಎಂದು ಹೆಸರಿಟ್ಟಿದ್ದಾರೆ. ಶಾಲೆಯ ಗೇಟಿನ ಪಕ್ಕ ನಿಮ್ಮ ನಗುಮುಖದ ದೊಡ್ಡ ಫಲಕವೂ ಇದೆ: 'ಒಂಬತ್ತಕ್ಕೆ ನಿದ್ದೆ, ಓದಿನಲ್ಲಿ ಮುಂದೆ.' ಮಕ್ಕಳನ್ನು ಮುಂದೆ ತರುವ ಯೋಜನೆಯಲ್ಲಿ ಕೆಲವರನ್ನು ಹಿಂದೆ ನಿಲ್ಲಿಸಲೇಬೇಕು ಎಂಬುದು ಯಾವ ಶಾಸ್ತ್ರದಲ್ಲಿದೆಯೋ ನನಗೆ ತಿಳಿಯದು.

ಮಕ್ಕಳಿಗೆ ನಿದ್ದೆ ಬೇಡ ಎನ್ನುವಷ್ಟು ದಡ್ಡ ನಾನಲ್ಲ. ಹನ್ನೊಂದರ ಹುಡುಗಿಗೆ ಮಲಗುವ ಹೊತ್ತು ಅಂತ ಒಂದು ಇರಬೇಕು, ಅದನ್ನು ದೊಡ್ಡವರೇ ಗೊತ್ತುಮಾಡಬೇಕು, ಅವಳು ಕಾಲು ನೆಲಕ್ಕೆ ಬಡಿದು ಹಟ ಮಾಡಿದರೂ ಸಡಿಲ ಬಿಡಬಾರದು. ಇದೆಲ್ಲ ನನಗೆ ಗೊತ್ತು, ಬಿಟ್ಟಿಲ್ಲ ಕೂಡ. ನಮ್ಮ ಮನೆಯಲ್ಲಿ ಹತ್ತೂಕಾಲಿಗೆ ದೀಪ ಆರುತ್ತಿತ್ತು. ಮೊಬೈಲ್ ಇಲ್ಲ, ಟೀವಿ ಇಲ್ಲ. ಹತ್ತೂಕಾಲು ಎಂದರೆ ಹತ್ತೂಕಾಲು. ಒಂಬತ್ತಲ್ಲ, ಯಾಕೆಂದರೆ ಒಂಬತ್ತಕ್ಕೆ ನಾನು ಇನ್ನೂ ಯಾರದೋ ಪಾದದ ಬುಡದಲ್ಲಿ ಕೂತಿರುತ್ತೇನೆ.

ನಾನು ಶೂ ಅಂಗಡಿಯಲ್ಲಿ ಕೆಲಸ ಮಾಡುವವನು. ಒಂಬತ್ತಕ್ಕೆ ಶಟರ್ ಅರ್ಧ ಇಳಿಯುತ್ತದೆ, ಪೂರ್ತಿಯಲ್ಲ. ಒಳಗಿದ್ದ ಗಿರಾಕಿ ಹೊರಡಬೇಕು. ಅವರು ಹಾಕಿ ನೋಡಿ ಬೇಡವೆಂದ ಜೋಡಿಗಳು ನೆಲದ ತುಂಬ ಬಿದ್ದಿರುತ್ತವೆ. ಎಡದ್ದಕ್ಕೆ ಬಲದ್ದು ಹುಡುಕಿ, ಒಳಗೆ ಕಾಗದ ತುರುಕಿ, ಸರಿಯಾದ ಡಬ್ಬಕ್ಕೆ ಸೇರಿಸಿ, ಏಣಿ ಹತ್ತಿ ಮೇಲಿಟ್ಟು ಬರಬೇಕು. ಮನೆ ಸೇರುವಾಗ ಒಂಬತ್ತೂಮುಕ್ಕಾಲು. ಮಗಳ ತಾಯಿ ದೂರದೂರಿನ ಆಸ್ಪತ್ರೆಯಲ್ಲಿ ನರ್ಸ್, ತಿಂಗಳಿಗೊಮ್ಮೆ ಬಂದು ಹೋಗುತ್ತಾಳೆ. ಮನೆಯಲ್ಲಿ ನನ್ನ ಅಕ್ಕ ಇದ್ದಾಳೆ, ಮಗಳನ್ನು ನೋಡಿಕೊಳ್ಳುತ್ತಾಳೆ. ಭಾನುವಾರ ಶಾಲೆಗೆ ರಜ, ನಮಗೆ ಕತ್ತೆದುಡಿತ. ನಮಗೆ ಮಂಗಳವಾರ ರಜ, ಅವಳಿಗೆ ಶಾಲೆ. ಊರಿಗೊಂದು ದಾರಿಯಾದರೆ ನಮಗೊಂದು ದಾರಿ.

ನಮಗಿಬ್ಬರಿಗೆ ಇದ್ದದ್ದು ದೀಪ ಆರುವವರೆಗಿನ ಆ ಅರ್ಧ ಗಂಟೆ. ಅವಳನ್ನು ನಾನು ಕರೆಯುವುದೇ ರೇಡಿಯೋ ಎಂದು. ನಾನು ಊಟಕ್ಕೆ ಕೂತರೆ ಅವಳು ಅಡುಗೆಮನೆಯ ಕಟ್ಟೆ ಹತ್ತಿ ಕಾಲು ಆಡಿಸುತ್ತ ಕೂರುವಳು. ಯಾವ ಮಿಸ್ ಯಾರಿಗೆ ಬೈದರು, ಯಾರ ಪೆನ್ಸಿಲ್ ಯಾರ ಚೀಲದಲ್ಲಿ ಸಿಕ್ಕಿತು, ಎಲ್ಲ ಪ್ರಸಾರ. ಆಮೇಲೆ ನನ್ನ ಸರದಿ. "ಇವತ್ತೊಂದು ಹಳೇ ಶೂ ಬಂತು. ಎಡಗಾಲಿನ ಹಿಮ್ಮಡಿ ಮಾತ್ರ ಸವೆದಿದೆ. ಯಾರು ಹೇಳು?" ಎಂದರೆ, "ಅಯ್ಯೋ ಅಷ್ಟೂ ಗೊತ್ತಾಗಲ್ವಾ ಅಪ್ಪ, ಸ್ಕೂಟರನ್ನ ಕಾಲಲ್ಲಿ ಎಳೆದು ನಿಲ್ಸೋರು!" ಎನ್ನುವಳು. ಬೆಳಗಿನಿಂದ ಹತ್ತಾರು ಜನರೆದುರು ಬಗ್ಗಿದ ಬೆನ್ನು ಆ ನಗುವಿಗೆ ನೆಟ್ಟಗಾಗುತ್ತಿತ್ತು. ಉತ್ಪ್ರೇಕ್ಷೆ ಎನ್ನಿಸಿದರೆ ನೀವೂ ಒಂದು ದಿನ ಬಂದು ಬಗ್ಗಿ ನೋಡಿ.

ಬೆಳಿಗ್ಗೆ ಮಾತಾಡಬಾರದೇ ಎಂದು ಕೇಳುತ್ತೀರಿ. ಮಕ್ಕಳಿರುವ ಮನೆಯಲ್ಲಿ ಬೆಳಿಗ್ಗೆ ಮಾತು ಎಲ್ಲಿರುತ್ತದೆ ಸ್ವಾಮಿ? ಕಾಲುಚೀಲ ಎಲ್ಲಿ, ನೀರಿನ ಬಾಟಲಿ ಎಲ್ಲಿ, ವ್ಯಾನ್ ಬಂತು, ಓಡು. ಹಾಗಾದರೆ ಮಂಗಳವಾರ ಸಂಜೆ? ಕೂರುತ್ತೇನೆ. "ಈ ವಾರ ಏನಾಯ್ತೇ?" ಎಂದರೆ "ಏನಿಲ್ಲ" ಎನ್ನುತ್ತಾಳೆ. ಮಕ್ಕಳ ಸಂತೋಷವೂ ದುಃಖವೂ ಆಯಾ ದಿನದ್ದು ಆಯಾ ದಿನಕ್ಕೇ. ಮಂಗಳವಾರದವರೆಗೆ ಕೂಡಿಡಲು ಅದೇನು ಬ್ಯಾಂಕೇ?

ಆದೇಶ ಬಂದ ಹೊಸತರಲ್ಲಿ ನಾವು ಅದನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ರೇಡಿಯೋ ಕೈ ಎತ್ತಲಿಲ್ಲ, ಸುಳ್ಳು ಹೇಳಲು ಬಾರದು ಅವಳಿಗೆ. ದಿನಾ ಹಿಂದೆ ಹೋಗಿ ನಿಂತಳು. ನನಗೆ ಹೇಳಲೂ ಇಲ್ಲ. ಒಂದು ದಿನ ಇಡೀ ಶಾಲೆಯೆದುರು ಟೀಚರ್ ಕೇಳಿದರಂತೆ, "ದಿನಾ ಯಾಕಮ್ಮ ನೀನು ಇಲ್ಲಿ?" "ನಮ್ಮಪ್ಪ ಬರೋದೇ ಲೇಟು ಮಿಸ್, ಅಪ್ಪನ ಜೊತೆ ಮಾತಾಡಿ ಮಲಗ್ತೀನಿ." "ನಿಮ್ಮಪ್ಪನಿಗೆ ಜವಾಬ್ದಾರಿ ಅನ್ನೋದು ಇಲ್ವಾ?" ಮಕ್ಕಳೆಲ್ಲ ನಕ್ಕರಂತೆ. ಇದನ್ನು ನನಗೆ ಹೇಳಿದವಳು ಅಕ್ಕ. ಅವಳು ಸುಮ್ಮನೆ ಹೇಳುವವಳಲ್ಲ, ಚುಚ್ಚಿಯೇ ಹೇಳುವವಳು. "ನೀನು ಬಂದು ಹರಟೆ ಹೊಡ್ಕೊಂಡು ಕೂತ್ರೆ ಬೆಳಿಗ್ಗೆ ನಿಲ್ಲೋಳು ಅವಳು. ನಿಂಗೇನಪ್ಪ, ಶೂ ಮಾರ್ಕೊಂಡು ಆರಾಮಾಗಿರ್ತೀಯ!"

ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಅವರ ಮೇಲೆ ನೀವು, ನಿಮ್ಮ ಮೇಲೆ ಇನ್ನಾರೋ. ಆದರೆ ಅವತ್ತಿನಿಂದ ನನ್ನ ಮಗಳು ಒಂಬತ್ತಕ್ಕೆ ಹಾಸಿಗೆ ಸೇರುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಬೆಳಿಗ್ಗೆ ಕೈ ಎತ್ತುತ್ತಾಳೆ. ನಿಮ್ಮ ಯೋಜನೆ ಗೆದ್ದಿದೆ. ಒಂದೇ ಒಂದು ಸಣ್ಣ ಕೊರತೆ: ಅವಳಿಗೆ ನಿದ್ದೆ ಬರುವುದಿಲ್ಲ. ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಬಂದು ಬಾಗಿಲಲ್ಲಿ ನಿಂತಾಗ ಅವಳ ರೆಪ್ಪೆ ಅದುರುತ್ತಿರುತ್ತದೆ. ನಿದ್ದೆ ಮಾಡುವವರನ್ನು ಎಬ್ಬಿಸಬಹುದು, ನಿದ್ದೆ ಬಂದವರಂತೆ ನಟಿಸುವವರನ್ನು ಎಬ್ಬಿಸಲಾಗದು ಎಂದು ಹಿರಿಯರು ಹೇಳುತ್ತಾರೆ. ಆ ಮಾತು ನಿಮ್ಮಂಥ ಕಚೇರಿಗಳಿಗೆ ಹೇಳಿದ್ದು ಎಂದುಕೊಂಡಿದ್ದೆ. ಅದನ್ನು ನನ್ನ ಮಗಳ ತಲೆದೆಸೆಯಲ್ಲಿ ನಿಂತು ಕಲಿಯಬೇಕಾಯಿತು.

ಒಂದು ರಾತ್ರಿ ತಡೆಯಲಾಗಲಿಲ್ಲ. ಮಂಚದ ಪಕ್ಕ ಕೂತು ಮೆಲ್ಲಗೆ ಕೇಳಿದೆ, "ಪುಟ್ಟಾ, ನಿದ್ದೆ ಬಂತಾ?"

"ಹೂಂ, ಬಂತು," ಎಂದಳು, ಕಣ್ಣು ಮುಚ್ಚಿಕೊಂಡೇ.

ನಗು ಬಂತು. "ನಿದ್ದೆ ಬಂದೋರು ಮಾತಾಡ್ತಾರೇನೇ?"

"ಹೋಗಪ್ಪ ನೀನು. ನಾನು ಕಣ್ಣು ಬಿಟ್ರೆ ನಾಳೆ ಕೈ ಎತ್ತಕ್ಕಾಗಲ್ಲ. ಮತ್ತೆ ನಿಂಗೇ ಅಂತಾರೆ ಅವರು."

ನನ್ನ ಮಾನ ಕಾಯಲು ಅವಳು ಕಣ್ಣು ಮುಚ್ಚಿಕೊಂಡು ಬಿದ್ದಿದ್ದಳು, ಅಧಿಕಾರಿಗಳೇ. ಅಡುಗೆಮನೆಗೆ ಹೋಗಿ ತಟ್ಟೆಯ ಮುಂದೆ ಕೂತೆ.

ಕಳೆದ ತಿಂಗಳು ಅವಳ ವ್ಯಾನಿನ ಡ್ರೈವರ್ ತನ್ನ ಮಗನಿಗೆ ಶೂ ಕೊಳ್ಳಲು ಅಂಗಡಿಗೆ ಬಂದಿದ್ದ. ಲೇಸು ಕಟ್ಟುತ್ತಿದ್ದ ನನ್ನನ್ನು ನೋಡಿ, "ಪಾಪ ಸಾರ್ ನಿಮ್ಮ ಹುಡುಗಿ. ಆ ಗೆಳತಿ ಶಾಲೆ ಬಿಟ್ಟು ಹೋದಾಗಿಂದ ಒಬ್ಬಳೇ ಕಿಟಕಿ ಪಕ್ಕ ಕೂತಿರ್ತಾಳೆ. ಮೊದಮೊದಲು ಅಳ್ತಾನೂ ಇದ್ಲು," ಎಂದ. ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತ ಗೆಳತಿ ಅದು. ಹೋದದ್ದು ನನಗೆ ಗೊತ್ತೇ ಇರಲಿಲ್ಲ. "ಹೌದು, ಹೌದು, ಪಾಪ," ಎಂದೆ, ಗೊತ್ತಿದ್ದವನ ಹಾಗೆ. ನನ್ನ ಮಗಳು ಅತ್ತಿದ್ದನ್ನು ವ್ಯಾನ್ ಡ್ರೈವರ್ ಬಾಯಲ್ಲಿ ಕೇಳಿ ತಿಳಿಯಬೇಕಾದ ತಂದೆಗೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ? ಜವಾಬ್ದಾರಿಯುತ ಪೋಷಕ ಎನ್ನುತ್ತಾರೆ ಅಲ್ಲವೇ?

ಇನ್ನು ನಿಮ್ಮ ವಿಚಾರ. ಮೊನ್ನೆ ಗುರುವಾರ ಶಟರ್ ಅರ್ಧ ಇಳಿದ ಮೇಲೆ ಮಾಲೀಕರು ಓಡಿಬಂದು, "ಎತ್ತೋ, ಎತ್ತು, ಸಾಹೇಬ್ರು ಬಂದಿದ್ದಾರೆ!" ಎಂದರು. ಫಲಕದ ಮೇಲಿನ ನಗು ಬಗ್ಗಿಕೊಂಡು ಒಳಗೆ ಬಂತು. ಜೊತೆಗೆ ನಿಮ್ಮ ಮಗಳು, ನನ್ನವಳದೇ ವಯಸ್ಸು. ಬಿಳಿ ಶೂ, ಕಪ್ಪು ಶೂ, ಮತ್ತೆ ಬಿಳಿ. ನಿಮ್ಮ ತೋಳು ಹಿಡಿದು ಜಗ್ಗುತ್ತ, ಕುಂಟುವ ನಾಟಕವಾಡುತ್ತ, ಅಂಗಡಿಯಲ್ಲೆಲ್ಲ ಓಡಾಡಿದಳು. ತೂಕಡಿಕೆ ಎಲ್ಲಿಯದು? ನಾನು ಅವಳ ಶೂ ತುದಿ ಒತ್ತಿ ನೋಡುತ್ತ ಕೇಳಿದೆ, "ಪಾಪುಗೆ ನಾಳೆ ಶಾಲೆ ಇಲ್ವಾ ಸಾರ್?" ನೀವು ಒಳ್ಳೆಯ ಮನಸ್ಸಿನಿಂದಲೇ ನಕ್ಕು ಹೇಳಿದಿರಿ, "ಇದೆ ಕಣಯ್ಯ. ಏನ್ ಮಾಡೋದು, ದಿನಾ ಮೀಟಿಂಗು. ಮಗು ಕೈಗೆ ಸಿಗೋದೇ ಇಷ್ಟೊತ್ತಲ್ಲಿ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಊರು ನಗಬಹುದು. ನಾನು ನಗಲಿಲ್ಲ. ನಿಜ ಹೇಳುತ್ತೇನೆ, ಆ ಹೊತ್ತು ನೀವು ನನಗೆ ಇಷ್ಟವಾದಿರಿ. ಅಧಿಕಾರಿ ಮನೆಯಲ್ಲೇ ಉಳಿದು ಅಪ್ಪ ಮಾತ್ರ ಬಂದಂತಿತ್ತು. ಆಮೇಲೆ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ಅದೇ ಮುಚ್ಚಿದ ಕಣ್ಣು, ಅದೇ ಅದುರುವ ರೆಪ್ಪೆ. ಮರುದಿನ ಬೆಳಿಗ್ಗೆ ನಿಮ್ಮ ಮಗಳು ಕೈ ಎತ್ತಿದಳೇ? ಹಿಂದಿನ ಸಾಲಿನಲ್ಲಿ ನಿಂತಳೇ? ನಿಮ್ಮ ಜವಾಬ್ದಾರಿಯ ಬಗ್ಗೆ ಯಾರಾದರೂ ಅವಳನ್ನು ಕೇಳಿದರೇ? ಕೇಳಬೇಕೆಂದು ನಾನು ಹೇಳುತ್ತಿಲ್ಲ. ಯಾವ ಮಗುವಿಗೂ ಅದು ಬೇಡ.

ಅಂಗಡಿಗಳನ್ನು ಎಂಟಕ್ಕೆ ಮುಚ್ಚಿಸಿ ಎಂದರೆ ಅದು ನಮ್ಮ ಇಲಾಖೆಯಲ್ಲ ಎನ್ನುತ್ತೀರಿ. ಶಾಲೆಯನ್ನು ಒಂದು ಗಂಟೆ ತಡವಾಗಿ ಶುರುಮಾಡಿ ಎಂದರೆ ಪರಿಶೀಲಿಸುತ್ತೇವೆ ಎನ್ನುತ್ತೀರಿ. ಅವೆರಡನ್ನೂ ಬಿಟ್ಟೆ. ನನ್ನ ಬೇಡಿಕೆ ಇಷ್ಟೇ. ಆ ಸಾಲನ್ನು ತೆಗೆಯಿರಿ. ಮಗುವನ್ನು ಮಲಗಿಸುವ ಹೊತ್ತನ್ನು ಮಗುವಿನ ಮನೆಗೆ ಬಿಡಿ. ಮತ್ತು ಒಂದು ಬೆಳಿಗ್ಗೆ ನೀವೇ ಆ ಶಾಲೆಗೆ ಹೋಗಿ, ಎಲ್ಲ ಮಕ್ಕಳೆದುರು, ಅಪ್ಪ ಅಮ್ಮನಿಗಾಗಿ ಎದ್ದಿರುವುದು ತಪ್ಪಲ್ಲ ಎಂದು ಬಾಯಿಬಿಟ್ಟು ಹೇಳಿ. ನಾನು ಹೇಳಿ ನೋಡಿದೆ, ಅವಳು ನಂಬುವುದಿಲ್ಲ. ಅವಳಿಗೆ ಈಗ ನನಗಿಂತ ನೀವು ದೊಡ್ಡವರು.

ಬೇಗ ಹೇಳಿ. ಅವಳಿಗೀಗ ಹನ್ನೊಂದು. ಇನ್ನೆರಡು ವರ್ಷ ಕಳೆದರೆ ಅವಳು ತಾನಾಗಿಯೇ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ, ನಾನು ತಟ್ಟಿದರೆ "ಏನಪ್ಪಾ" ಎಂದು ಸಿಡುಕುತ್ತಾಳೆ. ಎಲ್ಲ ಮಕ್ಕಳೂ ಹಾಗೇ, ಹಾಗೇ ಆಗಬೇಕು, ನಾನು ಅದಕ್ಕೆ ತಯಾರಾಗಿದ್ದೇನೆ. ಅದಕ್ಕೆ ಯಾರ ಆದೇಶವೂ ಬೇಕಿಲ್ಲ.

ಇಂತಿ,
ಒಂಬತ್ತರ ಮೇಲೆ ಮನೆ ಸೇರುವ ಅಪರಾಧಿ,
ಒಬ್ಬ ಹುಡುಗಿಯ ಅಪ್ಪ